ನಿಮ್ಮ ವೆಬ್‌ಪುಟಕ್ಕೂ ಒಂದು ಪಿಕೊ!

ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತೀರಾ? ಮನೆಯಲ್ಲೇ ಬ್ಲೌಸ್ ಹೊಲಿದು ಕೊಡುತ್ತೀರಾ? ಹಾಗಿದ್ದರೆ ‘ನಿಮ್ಮದೂ ಒಂದು ವೆಬ್‌ಪುಟ ಇರಲಿ’ ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ‘ಅಯ್ಯೋ, ಅದೆಲ್ಲಾ ಕಂಪ್ಯೂಟರ್ ಓದಿದವರಿಗೆ’ ಅಂತ ಸುಮ್ಮನಾಗಿರುತ್ತೀರಿ. ಇಲ್ಲವೇ ದುಡ್ಡು ಕೊಟ್ಟು ಮಾಡಿಸಿ, ಚಟ್ನಿಪುಡಿಯ ರೇಟು ಹತ್ತು ರೂಪಾಯಿ ಏರಿದರೂ ಅವರಿಗೇ ಫೋನ್ ಮಾಡುತ್ತಿರುತ್ತೀರಿ. ಎರಡೂ ಬೇಡ. ಸರಳವಾದ ಒಂದು ಪುಟವನ್ನು ನೀವೇ ಮಾಡಿಕೊಳ್ಳಬಹುದು.

ಪುಟದಲ್ಲಿ ಏನಿರಬೇಕು ಅನ್ನೋದನ್ನು ಬರೆಯೋದು ಎಚ್‌ಟಿಎಂಎಲ್‌ನಲ್ಲಿ. ಬಣ್ಣ, ಅಕ್ಷರದ ಗಾತ್ರ, ಅಂಚು ಹೇಗಿರಬೇಕು ಅಂತ ಹೇಳೋದು ಸಿಎಸ್‌ಎಸ್. ಇದನ್ನು ಮೊದಲಿಂದ ಬರೆಯೋಕೆ ಸಮಯ ಹಿಡಿಯುತ್ತೆ. ಅದಕ್ಕೇ ಬರೆದಿಟ್ಟ ರೆಡಿಮೇಡ್ ಸಿಎಸ್‌ಎಸ್ ಸಿಗುತ್ತೆ. ಅದೇ ಫ್ರೇಮ್‌ವರ್ಕ್.

ಟ್ವಿಟರ್‌ನಿಂದ 2011ರಲ್ಲಿ ಹೊರಬಂದ ಬೂಟ್‌ಸ್ಟ್ರಾಪ್ ಬಹಳ ಹೆಸರುವಾಸಿ. ದೊಡ್ಡ ಸೈಟಿಗೆ ಅದು ಸರಿಯೇ. ಆದರೆ ಒಂದು ರೇಟ್ ಲಿಸ್ಟಿಗೆ ಅದನ್ನು ತಂದರೆ ನಾಲ್ಕು ಜನರ ಸಾರಿಗೆ ಮದುವೆ ಮನೆ ಕೊಪ್ಪರಿಗೆ ಇಟ್ಟ ಹಾಗೆ! ಸಿಎಸ್‌ಎಸ್ ಫೈಲು ಬರೋವರೆಗೂ ಬ್ರೌಸರ್ ಸಾಮಾನ್ಯವಾಗಿ ಪುಟ ತೋರಿಸೋದಿಲ್ಲ. ಸಿಗ್ನಲ್ ಸರಿಯಿಲ್ಲದ ಊರಿನ ಗಿರಾಕಿ ಎಷ್ಟು ಹೊತ್ತು ಕಾಯುತ್ತಾಳೆ ಹೇಳಿ? ಒಂದು ಆರ್ಡರ್ ಹೋದ ಹಾಗೇ ಲೆಕ್ಕ.

ಹಗುರವಾದವೂ ಇವೆ. ಯಾಹೂ 2013ರಲ್ಲಿ ತಂದ ಪ್ಯೂರ್, ಕುಗ್ಗಿಸಿ ಕಳಿಸಿದಾಗ ಸುಮಾರು 2 ಕೆಬಿ ಮಾತ್ರ ಇರುವ ಮಿಲಿಗ್ರಾಂ, ಮತ್ತೆ ಪಿಕೊ. ಸೀರೆ ಅಂಚಿಗೆ ಮಾಡಿಸ್ತೀವಲ್ಲ, ಹೆಸರು ಅದೇ! ಹೊಸಬರಿಗೆ ಪಿಕೊ ಸುಲಭ. ಉಚಿತ ಕೂಡ.

ಹೀಗೆ ಮಾಡಿ:

* ಪಿಕೊದ ಸಿಎಸ್‌ಎಸ್ ಫೈಲನ್ನು ಇಳಿಸಿಕೊಂಡು ನಿಮ್ಮ ಪುಟವಿರುವ ಫೋಲ್ಡರಿನಲ್ಲೇ ಇಡಿ. ಪುಟದ ‘ಹೆಡ್’ ಭಾಗದಲ್ಲಿ ಅದಕ್ಕೊಂದು ‘ಲಿಂಕ್’ ಸಾಲು ಬರೆಯಿರಿ. ಅಲ್ಲೇ ‘ವ್ಯೂಪೋರ್ಟ್’ ಸಾಲೂ ಇರಲಿ. ಅದಿಲ್ಲದಿದ್ದರೆ ಫೋನಿನಲ್ಲಿ ಅಕ್ಷರ ಇರುವೆಯಷ್ಟು ಕಾಣುತ್ತೆ. ಇವನ್ನೆಲ್ಲ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

* ಯಾವುದಕ್ಕೆ ಯಾವ ಟ್ಯಾಗೋ ಅದನ್ನೇ ಬಳಸಿ. ತಲೆಬರಹಕ್ಕೆ ‘ಎಚ್1’, ರೇಟ್ ಲಿಸ್ಟಿಗೆ ‘ಟೇಬಲ್’. ಪಿಕೊ ಟ್ಯಾಗ್ ನೋಡಿಯೇ ಅಲಂಕಾರ ಮಾಡುತ್ತೆ. ಎಲ್ಲವನ್ನೂ ‘ಮೇನ್’ ಟ್ಯಾಗಿನ ಒಳಗಿಟ್ಟು ಅದಕ್ಕೆ ‘ಕಂಟೇನರ್’ ಎಂಬ ಕ್ಲಾಸ್ ಕೊಟ್ಟರೆ ಎರಡೂ ಬದಿ ಜಾಗ ಬಿಟ್ಟು ಚೆನ್ನಾಗಿ ಕೂರುತ್ತೆ.

* ಬಣ್ಣ ಬದಲಿಸಬೇಕೇ? ಪಿಕೊ ಫೈಲಿಗೆ ಕೈ ಹಾಕಬೇಡಿ. ನಿಮ್ಮದೇ ಚಿಕ್ಕ ಫೈಲು ಮಾಡಿ, ಪಿಕೊ ಸಾಲಿನ ಕೆಳಗೆ ಲಿಂಕ್ ಕೊಡಿ. ಒಂದೇ ತೂಕದ ಎರಡು ನಿಯಮಗಳಿದ್ದರೆ ಕೊನೆಗೆ ಬಂದದ್ದೇ ಗೆಲ್ಲುತ್ತೆ.

* ಕನ್ನಡಕ್ಕೆ ಒತ್ತಕ್ಷರ ಇವೆಯಲ್ಲ, ಸಾಲುಗಳು ಒತ್ತೊತ್ತಾಗಿ ಬಂದರೆ ಓದೋದು ಕಷ್ಟ. ನಿಮ್ಮ ಫೈಲಿನಲ್ಲಿ ‘ಲೈನ್ ಹೈಟ್’ 1.7ರಷ್ಟು ಇಡಿ. ಈಗಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತೆ, ಬೇರೆ ಹೇರಬೇಡಿ.

* ಸಿಎಸ್‌ಎಸ್ ಹಗುರ ಮಾಡಿ, ಫೋನಿನಲ್ಲಿ ತೆಗೆದ 4 ಎಂಬಿ ಫೋಟೋ ಹಾಗೇ ಹಾಕಿದರೆ ಏನು ಪ್ರಯೋಜನ? ಮೊದಲು ಫೋಟೋದ ಗಾತ್ರ ಇಳಿಸಿ.

ಒಂದು ಮಾತು. ಪಿಕೊ ಪುಟವನ್ನು ಚೆಂದ ಕಾಣಿಸುತ್ತೆ ಅಷ್ಟೇ. ಹಣ ವಸೂಲಿ, ಆರ್ಡರ್ ಲೆಕ್ಕ ಅದರ ಕೆಲಸವಲ್ಲ. ಪುಟ ಇಂಟರ್‌ನೆಟ್ಟಿಗೆ ಏರಿಸೋದೂ ಬೇರೆಯದೇ ಕೆಲಸ. ಆದರೆ ಕಲಿಯೋಕೆ ಅದ್ಯಾವುದೂ ಬೇಕಿಲ್ಲ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ನಿಮ್ಮ ಕಂಪ್ಯೂಟರಿನಲ್ಲೇ ಪುಟ ತೆರೆಯುತ್ತೆ. ತಪ್ಪಾದರೆ ತಿದ್ದಿ, ಮತ್ತೆ ನೋಡಿ. ಒಂದು ರೂಪಾಯಿಯೂ ಖರ್ಚಿಲ್ಲ.

ಮಧ್ಯಾಹ್ನ ಕೆಲಸ ಮುಗಿಸಿ ದಿನಕ್ಕೆ ಅರ್ಧ ಗಂಟೆ ಕೂತು ನೋಡಿ. ಮುಂದಿನ ಸಲ ರೇಟು ಏರಿದಾಗ ನೀವೇ ಬದಲಿಸಬಹುದು, ಯಾರ ದಾರಿಯನ್ನೂ ಕಾಯಬೇಕಿಲ್ಲ.