ಪಿಂಚಣಿಗೆ ಒಗ್ಗುವ ಊರು

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನ್ನ ಪಿಂಚಣಿಗೆ ಬೆಂಗಳೂರಿನ ಬಾಡಿಗೆ ಹೊರೆಯಾಯಿತು. ನಾನೂ ನನ್ನಾಕೆಯೂ ಮೂಡುಬಿದಿರೆಯನ್ನು ಆರಿಸಿಕೊಂಡೆವು. 1430ರ ಸಾವಿರ ಕಂಬದ ಬಸದಿಯ ಈ ಊರು ಈಗ ಕಾಲೇಜುಗಳ ಊರೂ ಹೌದು. ವಿದ್ಯಾರ್ಥಿಗಳನ್ನು ನಂಬಿದ ಊಟದ ಹೋಟೆಲು, ಜೆರಾಕ್ಸ್ ಅಂಗಡಿಗಳು ನಮ್ಮಂಥ ಹಿರಿಯರಿಗೂ ಅನುಕೂಲ.

ಆದರೆ ಕಾಲೇಜಿನ ಎದುರಿಗೇ ಮನೆ ಹುಡುಕಬೇಡಿ. ನಾಲ್ವರು ಹುಡುಗರು ಹಂಚಿಕೊಂಡು ಕೊಡುವ ಬಾಡಿಗೆಯನ್ನು ಒಂದೇ ಪಿಂಚಣಿ ತಾಳದು. ಊರನ್ನು ಬೇಸಿಗೆ ರಜೆಯಲ್ಲೊಮ್ಮೆ, ಜುಲೈ ಮಳೆಯಲ್ಲೊಮ್ಮೆ ನೋಡಿ. ಹುಡುಗರಿಲ್ಲದಾಗಲೂ ಬಸ್ಸು, ಔಷಧಿ, ಡಾಕ್ಟರು ಸಿಗಬೇಕು.

ನನ್ನಾಕೆಯ ಹೃದಯ ತಪಾಸಣೆಗೆ ಪ್ರತಿ ತಿಂಗಳೂ ಮಂಗಳೂರಿಗೆ ಸುಮಾರು 35 ಕಿ.ಮೀ. ಹೋಗಬೇಕು. ಆ ಕಾರಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದ ಮೇಲೆಯೇ ಮುಂಗಡ ಕೊಟ್ಟೆ.

ಪರೀಕ್ಷೆ ಹತ್ತಿರವಾದಾಗ ನೆರೆಮನೆಯ ಬಿ.ಕಾಂ. ಹುಡುಗರು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಈ ಲಾಭ ನನ್ನ ಪಟ್ಟಿಯಲ್ಲಿರಲಿಲ್ಲ!