ಚಿರತೆ ಬರಲಿಲ್ಲ, ಬಸ್ಸು ಬಂತು!

ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಪ್ರೇಕ್ಷಕರನ್ನು ಕುರ್ಚಿಯಿಂದ ಎಗರಿಸುತ್ತಿರುವ ಒಂದು ಉಪಾಯವಿದೆ. ಅದು ಪ್ರಸಿದ್ಧವಾದ ದೃಶ್ಯದಲ್ಲಿ ದೆವ್ವವಿಲ್ಲ, ರಕ್ತವಿಲ್ಲ, ಕತ್ತಿಯಿಲ್ಲ. ಇರುವುದು ಒಂದು ಬಸ್ಸು! ನ್ಯೂಯಾರ್ಕಿನ ಸಾದಾ ಸಿಟಿ ಬಸ್ಸು!

1942. ‘ಸಿಟಿಜನ್ ಕೇನ್’ನಂಥ ಮಹಾಚಿತ್ರ ತೆಗೆದೂ ಕೈಸುಟ್ಟುಕೊಂಡಿದ್ದ ಆರ್‌ಕೆಒ ಸ್ಟುಡಿಯೋ, ಅಗ್ಗದಲ್ಲಿ ಭಯಾನಕ ಚಿತ್ರ ಮಾಡಿಕೊಡು ಎಂದು ನಿರ್ಮಾಪಕ ವಾಲ್ ಲ್ಯೂಟನ್‌ಗೆ ಹೇಳಿತು. ಕೊಟ್ಟದ್ದು ಬರೀ ಹೆಸರು: ‘ಕ್ಯಾಟ್ ಪೀಪಲ್’. ಕಥೆ ಅವನೇ ಹುಡುಕಿಕೊಳ್ಳಬೇಕು! ಬಂಡವಾಳ ಒಂದೂವರೆ ಲಕ್ಷ ಡಾಲರಿಗೂ ಕಡಿಮೆ. ‘ಕೇನ್’ ನಿರ್ದೇಶಕ ಆರ್ಸನ್ ವೆಲ್ಸ್‌ನ ಇನ್ನೊಂದು ಚಿತ್ರಕ್ಕೆ ಕಟ್ಟಿದ್ದ ಭವ್ಯ ಮೆಟ್ಟಿಲನ್ನೇ ಮತ್ತೆ ಬಳಸಿಕೊಂಡರು. ರಾಕ್ಷಸನನ್ನು ತೋರಿಸಲು ಕಾಸಿಲ್ಲ. ಸರಿ, ತೋರಿಸುವುದೇ ಬೇಡ!

ಐರೀನಾ ಎಂಬ ಹೆಣ್ಣಿಗೆ, ಅಸೂಯೆ ಕೆರಳಿದರೆ ತಾನು ಕರಿಚಿರತೆಯಾಗುತ್ತೇನೆಂಬ ನಂಬಿಕೆ. ಗಂಡನ ಸಹೋದ್ಯೋಗಿ ಆಲಿಸ್ ರಾತ್ರಿ ಸೆಂಟ್ರಲ್ ಪಾರ್ಕಿನ ಗೋಡೆಯ ಪಕ್ಕ ಒಬ್ಬಳೇ ನಡೆಯುತ್ತಾಳೆ. ಹಿಂದೆ ಐರೀನಾ. ಈಗ ಕಿವಿಗೊಟ್ಟು ಕೇಳಿ! ಸಂಗೀತವೇ ಇಲ್ಲ. ಎರಡು ಜೊತೆ ಹಿಮ್ಮಡಿಗಳ ಟಕಟಕ ಮಾತ್ರ. ದೀಪದ ಬೆಳಕು, ಕತ್ತಲು, ಮತ್ತೆ ಬೆಳಕು. ಇದ್ದಕ್ಕಿದ್ದಂತೆ ಒಂದು ಜೊತೆ ಸದ್ದು ನಿಂತುಹೋಗುತ್ತದೆ. ಆಲಿಸ್ ತಿರುಗುತ್ತಾಳೆ, ಯಾರೂ ಇಲ್ಲ. ಓಡುತ್ತಾಳೆ, ನಿಲ್ಲುತ್ತಾಳೆ, ಉಸಿರು ಬಿಗಿಹಿಡಿಯುತ್ತಾಳೆ...

ಘರ್ರ್!

ಪರದೆಯ ಅಂಚಿನಿಂದ ನುಗ್ಗಿದ್ದು ಬಸ್ಸು. ಬ್ರೇಕಿನ ಸದ್ದಿನಲ್ಲೇ ಚಿರತೆಯ ಗರ್ಜನೆ! ನಿರ್ದೇಶಕ ಜಾಕ್ ಟೂರ್ನರ್ ಮತ್ತು ಸಂಕಲನಕಾರ ಮಾರ್ಕ್ ರಾಬ್ಸನ್ ಕೂಡಿಸಿದ ಆ ಕ್ಷಣಕ್ಕೆ ಸಿನಿಮಾದವರು ಇಂದಿಗೂ ‘ಲ್ಯೂಟನ್ ಬಸ್’ ಎನ್ನುತ್ತಾರೆ. ಅದಾದ ಮೇಲೆ ಕೆಸರಿನಲ್ಲಿ ಪಂಜದ ಗುರುತುಗಳು ಒಂದೊಂದಾಗಿ ಹೆಣ್ಣಿನ ಬೂಟಿನ ಗುರುತುಗಳಾಗುತ್ತವೆ. ಅಬ್ಬಾ, ಎಂಥ ಕಲ್ಪನೆ!

ಇನ್ನೂ ಸೋಜಿಗದ ಸಂಗತಿ ಇರುವುದು ನಮ್ಮ ತಲೆಯೊಳಗೆ. ಹಠಾತ್ ಸದ್ದಿಗೆ ಬೆಚ್ಚುವ ಕೆಲಸ ಮಿದುಳಿನ ಬುಡದ ಪುಟ್ಟ ನರಜಾಲದ್ದು. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೇ ಕಣ್ಣು ಮಿಟುಕಿಬಿಡುತ್ತದೆ. ‘ಇದು ಬರೀ ಸಿನಿಮಾ’ ಎಂದು ಬುದ್ಧಿ ಹೇಳುವ ಹೊತ್ತಿಗೆ ಮೈ ಎಗರಿ ಆಗಿರುತ್ತದೆ! ಮೊದಲೇ ಹೆದರಿದ ಜೀವ ಅದೇ ಸದ್ದಿಗೆ ಇನ್ನೂ ಜೋರಾಗಿ ಬೆಚ್ಚುತ್ತದೆಂದು ಅಮೆರಿಕದ ಮನೋವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು 1951ರಲ್ಲಿ. ಲ್ಯೂಟನ್ ತಂಡ ಅದನ್ನು ಒಂಬತ್ತು ವರ್ಷ ಮೊದಲೇ, ಕತ್ತರಿ ಮತ್ತು ಫಿಲ್ಮಿನಿಂದಲೇ ಕಂಡುಕೊಂಡಿತ್ತು!

ಬೀರುವಿನಿಂದ ಹಾರುವ ಬೆಕ್ಕು, ಹೆಗಲ ಮೇಲೆ ಬೀಳುವ ಗೆಳೆಯನ ಕೈ, ಕನ್ನಡಿಯಲ್ಲಿ ಮೂಡುವ ಮುಖ, ಎಲ್ಲವೂ ಈ ಬಸ್ಸಿನ ಸಂತಾನ. 1976ರ ‘ಕ್ಯಾರಿ’ಯ ಕೊನೆಯಲ್ಲಿ ಗೋರಿಯಿಂದ ಚಾಚುವ ಕೈಯೂ, 1979ರ ‘ಏಲಿಯನ್’ನ ಬೆಕ್ಕೂ ಇದೇ ವಂಶದವು. ಆದರೆ ಬಹಳಷ್ಟು ಚಿತ್ರಗಳು ‘ಢಂ’ ಎನ್ನುವ ಸದ್ದನ್ನಷ್ಟೇ ಎತ್ತಿಕೊಂಡು, ಅದಕ್ಕೂ ಮುಂಚಿನ ಆ ದೀರ್ಘ ನಡಿಗೆಯನ್ನು ಬಿಟ್ಟುಬಿಟ್ಟಿವೆ. ಬೆಚ್ಚಿಸುವುದು ಬಸ್ಸು ನಿಜ, ಆದರೆ ಹೆದರಿಸಿದ್ದು ಆ ಮೌನ.

ಇಡೀ ಚಿತ್ರ ಕೇವಲ 73 ನಿಮಿಷ. ದಯವಿಟ್ಟು ರಾತ್ರಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ನೋಡಿ. ಬಸ್ಸು ಬರುತ್ತದೆಂದು ನಿಮಗೀಗ ಗೊತ್ತು, ಆದರೂ ಬೆಚ್ಚುತ್ತೀರಿ!