ಅರವತ್ತು ವಾರ್ಡುಗಳ ಮಂಗಳೂರು

ಘಟ್ಟದಿಂದ ಇಳಿದ ನೇತ್ರಾವತಿ ಮಂಗಳೂರಿನ ತೆಂಕು ಅಂಚನ್ನು ಬಳಸಿ ಬರುತ್ತಾಳೆ. ಫಲ್ಗುಣಿ ಕೂಳೂರು ಸೇತುವೆಯಡಿ ಹಾದು ಬಡಗಿನಿಂದ ಇಳಿಯುತ್ತಾಳೆ. ಬೆಂಗ್ರೆಯ ಮರಳು ಪಟ್ಟಿಯ ಹಿಂದೆ ಎರಡೂ ಹೊಳೆಗಳು ಕೂಡಿ ಅಳಿವೆಬಾಗಿಲಿನಲ್ಲಿ ಕಡಲು ಸೇರುತ್ತವೆ. ಹೊಳೆ, ಕಡಲು, ಗುಡ್ಡ, ಗುಡ್ಡಗಳ ನಡುವಿನ ಬೈಲು ಸೇರಿ ಈ ಊರಾಗಿದೆ. ಪಾಲಿಕೆಯ ಲೆಕ್ಕದಲ್ಲಿ ಇದು 60 ವಾರ್ಡುಗಳ ನಗರ. ಒಂದನೆಯದು ಸುರತ್ಕಲ್ ಪಶ್ಚಿಮ, ಅರವತ್ತನೆಯದು ಬೆಂಗ್ರೆ. 2011ರ ಜನಗಣತಿಯ ಹೊತ್ತಿಗೇ ಇಲ್ಲಿ ಐದು ಲಕ್ಷದ ಹತ್ತಿರ ಜನರಿದ್ದರು.

ಒಂದೇ ಪಾಲಿಕೆಯ ಒಳಗೆ ಎಷ್ಟು ಬಗೆಯ ಬದುಕುಗಳಿವೆ ಎಂಬುದು ವಾರ್ಡಿನಿಂದ ವಾರ್ಡಿಗೆ ಹೋದರೆ ತಿಳಿಯುತ್ತದೆ. ದಕ್ಕೆಯಲ್ಲಿ ಬೆಳಕು ಹರಿಯುವ ಮೊದಲೇ ಮೀನಿನ ಏಲಂ ಜೋರಾಗಿರುತ್ತದೆ. ಜೆಪ್ಪು, ಬೋಳಾರದ ಹೊಳೆಬದಿಯಲ್ಲಿ ಹಳೆಯ ಹಂಚಿನ ಕಾರ್ಖಾನೆಗಳ ಗುರುತುಗಳಿವೆ. ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಆ ಉದ್ಯಮ ಊರಿನ ಹೆಸರನ್ನು ದೇಶವಿಡೀ ಮಾಡಿನ ಮೇಲೆ ಏರಿಸಿತ್ತು. ಪಣಂಬೂರಿನಲ್ಲಿ ಬಂದರು, ಬೈಕಂಪಾಡಿಯಲ್ಲಿ ಕೈಗಾರಿಕೆ, ಕದ್ರಿ ಗುಡ್ಡದ ಮೇಲೆ ವಸತಿ ಸಮುಚ್ಚಯಗಳು. ಬೆಂಗ್ರೆಯವರು ಹಳೆ ಬಂದರಿಗೆ ಬರಲು ದೋಣಿ ಹತ್ತುತ್ತಾರೆ. ರಸ್ತೆಯಲ್ಲಾದರೆ ತಣ್ಣೀರುಬಾವಿ, ಕೂಳೂರು ಸುತ್ತಬೇಕು. ತಾವು ಕೂತ ನೆಲಕ್ಕೆ ಹಕ್ಕುಪತ್ರ ಬೇಕೆಂಬ ಅವರ ಬೇಡಿಕೆ ಬಹಳ ಹಳೆಯದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಈ ಜನರೆಲ್ಲ ತಮ್ಮ ದೂರನ್ನು ಕನ್ನಡದಲ್ಲಿ ಬರೆದು ತರುವ ಕಚೇರಿ ಒಂದೇ: ಲಾಲ್‌ಬಾಗಿನ ಮಹಾನಗರ ಪಾಲಿಕೆ.

ಊರಿನ ವರ್ತಮಾನವನ್ನು ಊರಿಗೇ ತಿಳಿಸುವ ಪದ್ಧತಿ ಇಲ್ಲಿ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈಯಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದು ಇಲ್ಲಿಂದಲೇ. ಹರ್ಮನ್ ಮೊಗ್ಲಿಂಗ್ ಸಂಪಾದಿಸಿದ ಆ ಹಾಳೆಗಳಲ್ಲಿ ಸರಕಾರಿ ನಿರೂಪಗಳ ಜೊತೆಗೆ ಊರಿನ ಸುದ್ದಿಗೂ ಜಾಗವಿತ್ತು. 1866ರಲ್ಲಿ ಪುರಸಭೆ ಬಂತು, 1980ರಲ್ಲಿ ಅದು ಮಹಾನಗರ ಪಾಲಿಕೆಯಾಯಿತು. ತನ್ನ ಬಗ್ಗೆ ತಾನೇ ಮಾತಾಡಿಕೊಳ್ಳುವ, ವಾದಿಸುವ, ಅರ್ಜಿ ಬರೆಯುವ ಊರಿದು. ಅಂಥ ಊರಿಗೆ ಚುನಾಯಿತ ಸಭೆ ಇಲ್ಲದಿರುವುದು ಎಷ್ಟು ದೊಡ್ಡ ಕೊರತೆ ಎಂಬುದನ್ನು ನೀರು, ಕಸ, ಚರಂಡಿ ಈ ಮೂರರ ಕಥೆಯಲ್ಲೇ ನೋಡಬಹುದು.

ತುಂಬೆಯಲ್ಲಿ ಎಷ್ಟು ಮೀಟರ್?

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ನೀರಿನ ಬರ ಎಂದರೆ ಹೊರಗಿನವರು ನಂಬುವುದಿಲ್ಲ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಮುರಕಲ್ಲಿನ ಇಳಿಜಾರಿನಲ್ಲಿ ಹರಿದು ಸಮುದ್ರ ಸೇರಿಬಿಡುತ್ತದೆ. ಬೇಸಗೆಯಲ್ಲಿ ನಗರದ ನಲ್ಲಿಗಳು ನಂಬಿರುವುದು ಬಂಟ್ವಾಳ ತಾಲೂಕಿನ ತುಂಬೆಯ ಕಿಂಡಿ ಅಣೆಕಟ್ಟನ್ನು. ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ನೀರು ಅಲ್ಲಿಂದ ಊರಿಗೆ ಬರುತ್ತದೆ. ಏಪ್ರಿಲ್ ಬಂತೆಂದರೆ ತುಂಬೆಯ ನೀರಿನ ಮಟ್ಟ ಪತ್ರಿಕೆಗಳಲ್ಲಿ ನಿತ್ಯದ ಸುದ್ದಿ. ಐದು ಮೀಟರ್ ಇದ್ದರೆ ನೆಮ್ಮದಿ. ಮೂರಕ್ಕಿಳಿದರೆ ಟ್ಯಾಂಕರಿನವರ ನಂಬರ್ ಹುಡುಕಲು ಶುರು.

ಹಳೆಯ ಅಣೆಕಟ್ಟಿನ ಎತ್ತರ ನಾಲ್ಕು ಮೀಟರ್ ಇತ್ತು. 2016ರ ಬೇಸಗೆಯಲ್ಲಿ ಅದು ಸಾಲದೆ ನಗರ ತತ್ತರಿಸಿತು. ಏಳು ಮೀಟರಿನ ಹೊಸ ಅಣೆಕಟ್ಟು ಕಟ್ಟಿದ ಮೇಲೂ 2019ರ ಮೇ ತಿಂಗಳಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ನಾಲ್ಕು ದಿನ ಬಂದು ಎರಡು ದಿನ ನಿಲ್ಲುವ ನೀರು ಗುಡ್ಡದ ಮೇಲಿನ ಮನೆಗಳಿಗೆ ನಾಲ್ಕು ದಿನವೂ ಬರುವುದಿಲ್ಲ. ಕೊಳವೆ ತುಂಬಿ ಒತ್ತಡ ಏರುವಷ್ಟರಲ್ಲಿ ಮತ್ತೆ ನಿಲ್ಲಿಸುವ ಸರದಿ ಬಂದಿರುತ್ತದೆ. ‘ನೀರ್ ಬತ್ತ್ಂಡಾ?’ (ನೀರು ಬಂತಾ?) ಎಂದು ನೆರೆಮನೆಯವರನ್ನು ವಿಚಾರಿಸುವುದು ಆಗ ಬೆಳಗಿನ ಮೊದಲ ಮಾತಾಯಿತು.

ಅಣೆಕಟ್ಟನ್ನು ಎತ್ತರಿಸಿ ನಗರದವರು ನೀರು ಪಡೆದರು, ಹೊಳೆದಂಡೆಯ ಕೃಷಿಕರು ತೋಟ ಕಳೆದುಕೊಂಡರು. ಹಿನ್ನೀರಿನಲ್ಲಿ ಮುಳುಗುವ ಭೂಮಿಗೆ ಪರಿಹಾರ ಕೇಳಿ ಅವರು ಹೋರಾಡಿದರು. ಏಳು ಮೀಟರ್ ಹಿಡಿಯಬಲ್ಲ ಅಣೆಕಟ್ಟಿನಲ್ಲಿ ಆರು ಮೀಟರಿಗೇ ನಿಲ್ಲಿಸುತ್ತ ಬಂದದ್ದರ ಹಿಂದೆ ಈ ಪ್ರಶ್ನೆಯೂ ಇದೆ. ಮಂಗಳೂರಿನವರು ನಲ್ಲಿ ತಿರುಗಿಸುವಾಗ ಈ ಋಣವನ್ನು ನೆನೆಯಬೇಕು.

ಪಚ್ಚನಾಡಿ ಜಾರಿದ ದಿನಗಳು

ಊರಿನ ಕಸವೆಲ್ಲ ಹೋಗುವುದು ಪಚ್ಚನಾಡಿಗೆ. ದಶಕಗಳಿಂದ ಸುರಿದ ಕಸ ಅಲ್ಲಿ ಬೆಟ್ಟವಾಗಿ ನಿಂತಿತ್ತು. 2019ರ ಆಗಸ್ಟ್ ಮೊದಲ ವಾರದ ಜಡಿಮಳೆಗೆ ಆ ಬೆಟ್ಟ ಜಾರಿತು. ಕೆಳಗಿದ್ದ ಮಂದಾರ ಎಂಬ ಹಸುರು ಬೈಲಿನೊಳಗೆ ಅದು ದಿನದಿನವೂ ಸರಿಯುತ್ತ ಸಾಗಿತು. ಅಡಿಕೆ, ತೆಂಗಿನ ತೋಟಗಳು ಹೂತುಹೋದವು. ಮನೆಗಳು ಕಸದಡಿಯಾದವು. ತಲೆಮಾರುಗಳಿಂದ ಕೈಮುಗಿದು ಬಂದ ನಾಗನ ಬನವೂ ಉಳಿಯಲಿಲ್ಲ. 27 ಕುಟುಂಬಗಳನ್ನು ಕುಲಶೇಖರದ ಗೃಹಮಂಡಳಿಯ ಫ್ಲ್ಯಾಟುಗಳಿಗೆ ಸಾಗಿಸಲಾಯಿತು. ಅಂಗಳದಲ್ಲಿ ಅಡಿಕೆ ಒಣಗಿಸಿ, ಹಟ್ಟಿಯಲ್ಲಿ ದನ ಕಟ್ಟಿ ಬದುಕಿದವರಿಗೆ ನಾಲ್ಕು ಗೋಡೆಯ ಫ್ಲ್ಯಾಟ್ ಏನು ಕೊಟ್ಟೀತು?

ಕಸದಿಂದ ಬಸಿದ ಕಪ್ಪು ನೀರು ತೋಡಿಗಿಳಿದು ಫಲ್ಗುಣಿಯನ್ನು ಸೇರಿತು. ಆ ಹೊಳೆಯ ಮಳವೂರು ಕಿಂಡಿ ಅಣೆಕಟ್ಟಿನಿಂದ ಸುತ್ತಲಿನ ಗ್ರಾಮಗಳಿಗೆ ಕುಡಿಯುವ ನೀರು ಹೋಗುತ್ತದೆ. ನಗರದ ಅಡುಗೆಮನೆಯ ಕಸ ಗ್ರಾಮದ ಕೊಡಕ್ಕೆ ಬಂದು ಬೀಳುವ ಈ ದಾರಿ ಎಲ್ಲರ ಕಣ್ಣಿಗೂ ಬಿತ್ತು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಹಳೆಯ ಕಸವನ್ನು ಅಗೆದು, ಜರಡಿ ಹಿಡಿದು, ಮಣ್ಣು, ಪ್ಲಾಸ್ಟಿಕ್ ಬೇರೆ ಮಾಡಿ ವಿಲೇವಾರಿ ಮಾಡುವ ಕೆಲಸ ಆಮೇಲೆ ಶುರುವಾಯಿತು.

ಆದರೆ ಬೆಟ್ಟ ಮತ್ತೆ ಬೆಳೆಯದಿರಬೇಕಾದರೆ ಹಸಿ ಕಸ, ಒಣ ಕಸ ಮನೆಬಾಗಿಲಲ್ಲೇ ಬೇರೆಯಾಗಬೇಕು. ಅದು ಲಾರಿ, ಯಂತ್ರಗಳಿಂದ ಆಗುವ ಕೆಲಸವಲ್ಲ. ನಸುಕಿನಲ್ಲಿ ಮನೆಮನೆಗೆ ಬರುವ ಪೌರಕಾರ್ಮಿಕರ ಮಾತಿಗೆ ಬೆಲೆ ಇರಬೇಕು. ಬೆರೆಸಿದ ಕಸ ಕೊಟ್ಟವರನ್ನು ಕೇಳಲು ವಾರ್ಡಿನಲ್ಲಿ ಒಬ್ಬ ಜವಾಬ್ದಾರರು ಇರಬೇಕು.

ತೋಡುಗಳ ಊರು

ಮಂಗಳೂರಿನ ಗುಡ್ಡಗಳ ನೀರು ತೋಡುಗಳಲ್ಲಿ ಇಳಿದು, ಬೈಲುಗಳಲ್ಲಿ ಹರಡಿ, ನಿಧಾನವಾಗಿ ಹೊಳೆ ಸೇರುತ್ತಿತ್ತು. ಗದ್ದೆಗಳಿದ್ದಾಗ ಆ ಬೈಲುಗಳೇ ನೀರನ್ನು ತಡೆದು ನಿಲ್ಲಿಸುತ್ತಿದ್ದವು. ಈಗ ಬೈಲಿಗೆ ಮಣ್ಣು ತುಂಬಿ ಕಟ್ಟಡ ಎದ್ದಿದೆ, ತೋಡು ಕಿರಿದಾಗಿ ಕಾಂಕ್ರೀಟು ಚರಂಡಿಯಾಗಿದೆ. ಕೊಟ್ಟಾರ ಚೌಕಿ, ಪಡೀಲ್, ಪಂಪ್‌ವೆಲ್ ಎಂಬ ಹೆಸರುಗಳು ಪ್ರತಿ ಮಳೆಗಾಲದ ಸುದ್ದಿಯಲ್ಲಿ ಬರುವುದು ಇದರಿಂದ. 2018ರ ಮೇ 29ರಂದು ಮುಂಗಾರಿಗೂ ಮೊದಲೇ ಸುರಿದ ಮಳೆಗೆ ಅರ್ಧ ಊರೇ ನೀರಿನಲ್ಲಿ ನಿಂತಿತು.

ಒಳಚರಂಡಿಯ ತೊಂದರೆ ಇದಕ್ಕಿಂತ ಗುಟ್ಟಾದದ್ದು. ಏರಿಳಿತದ ನೆಲದಲ್ಲಿ ಕೊಳಚೆ ತಾನಾಗಿ ಹರಿದು ಸಂಸ್ಕರಣಾ ಘಟಕ ತಲುಪುವುದಿಲ್ಲ. ತಗ್ಗಿನಲ್ಲಿ ಕೊಳಚೆ ಸೇರುವ ಬಾವಿ (ವೆಟ್‌ವೆಲ್) ಕಟ್ಟಿ, ಅಲ್ಲಿಂದ ಪಂಪ್ ಮಾಡಿ ಮೇಲೆತ್ತಿ ಕಾವೂರು, ಬಜಾಲ್, ಸುರತ್ಕಲ್ ಕಡೆಯ ಘಟಕಗಳಿಗೆ ಕಳಿಸಬೇಕು. ಕರೆಂಟು ಹೋದರೆ, ಪಂಪ್ ಕೆಟ್ಟರೆ, ಕೊಳವೆ ಒಡೆದರೆ ಎಲ್ಲ ಕೊಳಚೆಯೂ ಹತ್ತಿರದ ತೋಡಿಗೆ. ತೋಡಿನ ಬದಿಯ ಬಾವಿಗಳಿಗೆ ಅದರ ನಾತ ಮೊದಲು ತಟ್ಟುತ್ತದೆ. ಮನೆಗೊಂದು ಬಾವಿ ಇದ್ದ ಊರಿನಲ್ಲಿ ಎಷ್ಟೋ ಬಾವಿಗಳು ಬಳಕೆ ತಪ್ಪಿವೆ. ತುಂಬೆಯ ಮೇಲಿನ ಭಾರ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಒಂದು ಬಾವಿಯನ್ನು ಉಳಿಸಿಕೊಂಡರೆ ಬೇಸಗೆಯಲ್ಲಿ ಒಂದು ಟ್ಯಾಂಕರ್ ಕಡಿಮೆ ಸಾಕು.

ಮಂಗಳಾದೇವಿ ಬಳಿಯ ಗುಜ್ಜರಕೆರೆಯೂ ಹೀಗೆಯೇ ಚರಂಡಿ ನೀರು ಸೇರಿ ಹಾಳಾಗಿತ್ತು. ಸುತ್ತಲಿನ ನಿವಾಸಿಗಳು ವರ್ಷಗಟ್ಟಲೆ ಪಟ್ಟು ಬಿಡದೆ ಮನವಿ ಕೊಟ್ಟರು, ಕೊನೆಗೆ ಅದರ ಅಭಿವೃದ್ಧಿ ಕಾಮಗಾರಿ ನಡೆಯಿತು. ರಾಮಕೃಷ್ಣ ಮಿಷನ್ 2015ರಿಂದ ನಡೆಸಿದ ಸ್ವಚ್ಛತಾ ಅಭಿಯಾನದಲ್ಲಿ ಭಾನುವಾರ ಬೆಳಗ್ಗೆ ಪೊರಕೆ ಹಿಡಿದು ರಸ್ತೆಗಿಳಿದವರಲ್ಲಿ ವಿದ್ಯಾರ್ಥಿಗಳು, ವೈದ್ಯರು, ವ್ಯಾಪಾರಿಗಳೆಲ್ಲ ಇದ್ದರು. ಕೈ ಹಚ್ಚಲು ಈ ಊರು ಹಿಂಜರಿದದ್ದಿಲ್ಲ.

ಖಾಲಿ ಕುರ್ಚಿಗಳ ಲೆಕ್ಕ

ಈಗ ಒಂದು ಕಾಲಗಣನೆಯನ್ನು ಗಮನಿಸಿ. 2013ರಲ್ಲಿ ಆಯ್ಕೆಯಾದ ಪರಿಷತ್ತಿನ ಅವಧಿ ಮುಗಿದದ್ದು 2019ರ ಮಾರ್ಚ್‌ನಲ್ಲಿ. ನೀರು ಸರದಿಗೆ ಬಂದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಪಚ್ಚನಾಡಿ ಜಾರಿದ್ದು ಆಗಸ್ಟ್‌ನಲ್ಲಿ. ಚುನಾವಣೆ ನಡೆದದ್ದು ನವೆಂಬರ್‌ನಲ್ಲಿ; ಮೇಯರ್ ಆಯ್ಕೆಯಾದದ್ದು 2020ರ ಫೆಬ್ರುವರಿ ಕೊನೆಗೆ. ಊರಿನ ಎರಡು ದೊಡ್ಡ ಸಂಕಟಗಳು ಒಂದೇ ವರ್ಷ ಬಂದಾಗ ಪಾಲಿಕೆಯಲ್ಲಿ ಚುನಾಯಿತ ಸದಸ್ಯರು ಒಬ್ಬರೂ ಇರಲಿಲ್ಲ. ಅದಕ್ಕೂ ಹಿಂದೆ, 2013ರಲ್ಲಿ ಗೆದ್ದವರು ಮೀಸಲಾತಿಯ ವ್ಯಾಜ್ಯದಿಂದಾಗಿ ಅಧಿಕಾರ ಹಿಡಿಯಲು ಸುಮಾರು ಒಂದು ವರ್ಷ ಕಾದಿದ್ದರು. 2020ರಲ್ಲಿ ಶುರುವಾದ ಅವಧಿ 2025ರ ಫೆಬ್ರುವರಿಗೆ ಮುಗಿಯಿತು. ಅಷ್ಟರೊಳಗೆ ಆಗಬೇಕಿದ್ದ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಯ ಕೈಗೆ ಮತ್ತೆ ಊರು ಹೋಯಿತು.

ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿದೆ: ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಅಹ್ಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿಯ ಕೆಲಸಗಳನ್ನು ಮೊದಲೇ ಮುಗಿಸಿಕೊಳ್ಳುವುದು ಸರಕಾರದ ಹೊಣೆ, ವಿಳಂಬಕ್ಕೆ ಅವು ನೆಪವಾಗಬಾರದು.

ಅಧಿಕಾರಿಗಳು ಕೆಲಸ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಸಂಕಟದ ದಿನಗಳಲ್ಲಿ ಹಗಲಿರುಳು ದುಡಿದ ಅಧಿಕಾರಿಗಳನ್ನು ಊರು ಕಂಡಿದೆ. ಆದರೆ ಕೊಡಿಯಾಲಬೈಲಿನ ಮ್ಯಾನ್‌ಹೋಲ್ ಉಕ್ಕಿದರೆ ರಾತ್ರಿ ಹತ್ತಕ್ಕೆ ಕರೆ ಹೋಗುವುದು ಕಾರ್ಪೊರೇಟರಿಗೆ. ಬಜೆಟ್ಟಿನ ಹಣ ಯಾವ ವಾರ್ಡಿಗೆ, ಯಾವ ಕೆಲಸಕ್ಕೆ ಎಂದು ಎಲ್ಲರೆದುರು ಜಗಳವಾಡುವ ಜಾಗ ಪರಿಷತ್ ಸಭೆ. ತೆರಿಗೆ, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಎಂಬ ನಾಲ್ಕು ಸ್ಥಾಯಿ ಸಮಿತಿಗಳು ಕಡತ ತರಿಸಿ ನೋಡುತ್ತವೆ. ಸಭೆಯೇ ಇಲ್ಲದಿದ್ದರೆ ಪ್ರಶ್ನೆಯೂ ಇಲ್ಲ, ಉತ್ತರ ಕೊಡಬೇಕಾದ ಒತ್ತಡವೂ ಇಲ್ಲ. ಸೆಂಟ್ರಲ್ ಮಾರುಕಟ್ಟೆಯನ್ನೇ ನೋಡಿ: 2020ರ ಲಾಕ್‌ಡೌನ್ ಕಾಲದಲ್ಲಿ ಮುಚ್ಚಿ, ಕೆಡವಿದ ಮೇಲೆ ಹಳೆಯ ವ್ಯಾಪಾರಿಗಳ ನೆಲೆಯ ಮಾತು ವರ್ಷಗಟ್ಟಲೆ ಎಳೆಯಿತು. ಅಂಥ ವಿಷಯಗಳಿಗೆ ಸಭೆಯಲ್ಲಿ ಪದೇಪದೇ ಎದ್ದು ನಿಲ್ಲುವವರು ಬೇಕು.

ಪರಿಷತ್ತು ಇದ್ದಾಗಲೂ ಎಲ್ಲ ಸರಿಯಿತ್ತೆಂದಲ್ಲ. ಕಳೆದ ಅವಧಿಯ ಐದು ವರ್ಷಗಳಲ್ಲಿ ಐವರು ಮೇಯರ್ ಬಂದುಹೋದರು. ಊರಿನ ಕೊಳವೆಗಳು ಎಲ್ಲೆಲ್ಲಿ ಹಾದಿವೆ ಎಂದು ತಿಳಿಯುವಷ್ಟರಲ್ಲಿ ಅವಧಿ ಮುಗಿಯುವ ಪದ್ಧತಿ ಯಾರಿಗೂ ಹಿತವಲ್ಲ. ವಾರ್ಡು ಸಮಿತಿಗಳನ್ನು ರಚಿಸಲು ನಾಗರಿಕರು ಹೋರಾಡಬೇಕಾಯಿತು. ಕಾರ್ಪೊರೇಟರ್ ಅಧ್ಯಕ್ಷರಾಗಿ, ಹತ್ತು ಮಂದಿ ಸದಸ್ಯರಿರುವ ಆ ಸಮಿತಿಯಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳ ಪ್ರತಿನಿಧಿಗಳು ಇರಬೇಕೆಂದು ಕಾನೂನು ಹೇಳುತ್ತದೆ. ಸಮಿತಿಗಳು ಕೆಲವೆಡೆ ತಿಂಗಳು ತಿಂಗಳು ಸೇರಿ ಕೆಲಸ ಮಾಡಿದರೆ, ಕೆಲವೆಡೆ ಹೆಸರಿಗಷ್ಟೇ ಉಳಿದವು. ಆದರೂ ಬೀದಿಯ ಸಮಸ್ಯೆಯನ್ನು ಬೀದಿಯವರೇ ಕೂತು ಬರೆದಿಡುವ ಅಭ್ಯಾಸಕ್ಕೆ ಅವು ದಾರಿ ಮಾಡಿಕೊಟ್ಟವು.

ಮಂಗಳೂರಿಗೆ ಈಗ ಬೇಕಾದದ್ದು ಮತ್ತೊಂದು ದೊಡ್ಡ ಯೋಜನೆಯ ಘೋಷಣೆಯಲ್ಲ. ಪರಿಷತ್ತಿನ ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ತಪ್ಪದೆ ನಡೆಯಬೇಕು. 60 ವಾರ್ಡುಗಳಲ್ಲೂ ವಾರ್ಡು ಸಮಿತಿ ಸೇರಬೇಕು, ಅದರ ನಡಾವಳಿ ಎಲ್ಲರಿಗೂ ಓದಲು ಸಿಗಬೇಕು. ಮಂದಾರದಲ್ಲಿ ನೆಲ ಕಳೆದುಕೊಂಡವರಿಗೆ ಸಿಕ್ಕಿದ್ದೆಷ್ಟು, ಸಿಗಬೇಕಾದದ್ದೆಷ್ಟು ಎಂಬ ಲೆಕ್ಕ ಹೊಸ ಪರಿಷತ್ತಿನ ಮೊದಲ ಸಭೆಯಲ್ಲೇ ಬರಬೇಕು. ಓಟು ಕೇಳಲು ಬರುವ ಪ್ರತಿ ಪಕ್ಷದವರ ಮುಂದೆಯೂ ಈ ಮೂರು ಮಾತುಗಳನ್ನು ಇಡುವ ಹಕ್ಕು ಸುರತ್ಕಲ್‌ನಿಂದ ಬೆಂಗ್ರೆಯವರೆಗಿನ ಪ್ರತಿಯೊಬ್ಬ ಮತದಾರರಿಗೂ ಇದೆ, ಅದನ್ನು ಅವರು ಬಿಟ್ಟುಕೊಡಬಾರದು.